ಒಂದು ಪ್ರಾಣಿ ಕಮ್ಮಿ ಆಗ್ತಿದ್ರೆ ಅದಕ್ಕೆ ಬೇಟೆ ಕಾರಣವಾ ಅಂತ ಪತ್ತೆ ಹಚ್ಚೋದು ಹೇಗೆ

ಯಾವುದಾದ್ರೂ ಕಾಡುಪ್ರಾಣಿ ಕಮ್ಮಿ ಆಗಿದೆ ಅಂತ ಸುದ್ದಿ ಬಂದ್ರೆ ಸಾಕು, ಒಬ್ಬರು ಎಲ್ಲಾ ಬೇಟೆಯಿಂದ್ಲೇ ಅಂತಾರೆ, ಇನ್ನೊಬ್ಬರು ಹಿಂದಿನಿಂದ್ಲೂ ಬೇಟೆ ಇತ್ತಲ್ಲ ಆಗ ಯಾಕೆ ಕಮ್ಮಿ ಆಗ್ಲಿಲ್ಲ ಅಂತ ಜಗಳಕ್ಕೆ ಬರ್ತಾರೆ. ಇಬ್ಬರೂ ನೋಡೋದು ಎಷ್ಟು ಸತ್ತವು ಅನ್ನೋ ಒಂದೇ ಸಂಖ್ಯೆನ. ನನ್ನ ಪ್ರಕಾರ ಅದು ಅರ್ಧ ಲೆಕ್ಕ ಅಷ್ಟೇ. ಸತ್ತಿದ್ದು ಯಾವುದು, ಅದರ ಜಾಗಕ್ಕೆ ಇನ್ನೊಂದು ಬೆಳೆದು ನಿಲ್ಲೋಕೆ ಎಷ್ಟು ವರ್ಷ ಬೇಕು ಅಂತ ಕೇಳಿದ್ರೆ ಮಾತ್ರ ವಿಷಯ ಬಿಡಿಸಿಕೊಳ್ಳುತ್ತೆ.

ಹಾಗಾಗಿ ಮೊದಲು ಆ ಪ್ರಾಣಿ ಎಷ್ಟು ಬೇಗ ಮರಿ ಹಾಕುತ್ತೆ ಅಂತ ತಿಳ್ಕೊಳ್ಳಿ. ಕಾಡುಹಂದಿ ಒಂದೇ ಸೂಲಿಗೆ ನಾಲ್ಕೈದು ಮರಿ ಹಾಕುತ್ತೆ, ಆ ಹೆಣ್ಣುಮರಿಗಳು ಒಂದೆರಡು ವರ್ಷದಲ್ಲಿ ತಾವೇ ತಾಯಿ ಆಗ್ತವೆ. ಆನೆ 22 ತಿಂಗಳು ಹೊತ್ತು ಒಂದು ಮರಿ ಹಾಕಿ ಮತ್ತೆ ನಾಲ್ಕೈದು ವರ್ಷ ಬಿಡುತ್ತೆ. ಎರಡರಲ್ಲೂ ಹತ್ತತ್ತು ಕೊಂದ್ರೆ ಪೆಟ್ಟು ಒಂದೇ ಅಲ್ಲ. ಸಂಖ್ಯೆ ದೊಡ್ಡದಿದೆ ಅಂತ ಧೈರ್ಯವಾಗಿರೋಕೂ ಆಗಲ್ಲ. ಉತ್ತರ ಅಮೆರಿಕದ ಪ್ಯಾಸೆಂಜರ್ ಪಾರಿವಾಳ ಒಂದು ಕಾಲಕ್ಕೆ 300 ಕೋಟಿಗೂ ಮೇಲಿತ್ತು ಅಂತ ಅಂದಾಜಿದೆ, ಆದ್ರೆ ಅದು ಗೂಡಲ್ಲಿ ಇಡ್ತಿದ್ದಿದ್ದು ಒಂದೇ ಮೊಟ್ಟೆ. ಗುಂಪು ಎಲ್ಲಿ ಗೂಡು ಕಟ್ಟಿದೆ ಅಂತ ಟೆಲಿಗ್ರಾಫಲ್ಲಿ ಸುದ್ದಿ ಹೋಗ್ತಿತ್ತು, ಬೇಟೆಗಾರರು ರೈಲಲ್ಲಿ ಬಂದಿಳೀತಿದ್ರು, ಕೊಂದ ಹಕ್ಕಿಗಳು ಅದೇ ರೈಲಲ್ಲಿ ಪೇಟೆಗೆ ಹೋಗ್ತಿದ್ವು. ಕೊನೆ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದ ಪಂಜರದಲ್ಲಿ ಸತ್ತಿತು.

ಆಮೇಲೆ ಪೇಪರ್ ಪೆನ್ ತಗೊಂಡು ಒಂದು ಸಣ್ಣ ಲೆಕ್ಕ ಮಾಡಿ, ಇದನ್ನ ದಯವಿಟ್ಟು ಬಿಟ್ಟು ಮುಂದಕ್ಕೆ ಹೋಗ್ಬೇಡಿ. ಒಂದು ಕಾಡಲ್ಲಿ 100 ಜಿಂಕೆ ಇದೆ ಅಂದ್ಕೊಳ್ಳಿ, ಹುಟ್ಟೋದು ಸಾಯೋದು ಎಲ್ಲಾ ಕಳೆದು ವರ್ಷಕ್ಕೆ ನೂರಕ್ಕೆ 5 ಹೆಚ್ಚಾಗುತ್ತೆ. ಅಂದ್ರೆ ವರ್ಷಕ್ಕೆ 5 ಹೊಡೆದ್ರೆ ಸಂಖ್ಯೆ ಹಾಗೇ ನಿಲ್ಲುತ್ತೆ. ಈಗ ವರ್ಷಾ ವರ್ಷಾ 10 ಹೊಡೀತಾರೆ ಅನ್ನಿ. ಮೊದಲ ವರ್ಷ 95, 5ನೇ ವರ್ಷಕ್ಕೆ ಸುಮಾರು 72, ಇನ್ನೂ ಕಣ್ಣಿಗೆ ಕಾಣ್ತಾ ಇರ್ತವೆ, ಯಾರಿಗೂ ಗಾಬರಿ ಇಲ್ಲ. 10ನೇ ವರ್ಷಕ್ಕೆ 37. 14ನೇ ವರ್ಷಕ್ಕೆ 2. ಬೇಟೆ ಒಂದು ಚೂರೂ ಜಾಸ್ತಿ ಆಗಿಲ್ಲ ನೋಡಿ, ಅದೇ 10, ಆದ್ರೆ ಮರಿ ಹಾಕೋ ತಾಯಂದಿರೇ ಕಮ್ಮಿ ಆಗ್ತಾ ಬಂದಿದ್ರಿಂದ ಕೊನೆ ನಾಲ್ಕೈದು ವರ್ಷದಲ್ಲಿ ಧಡಾರಂತ ಬಿತ್ತು. ಹಿಂದಿನಿಂದ್ಲೂ ಇಷ್ಟೇ ಹೊಡೀತಿದ್ವಿ ಅನ್ನೋರಿಗೆ ಉತ್ತರ ಇದೇ ಲೆಕ್ಕದಲ್ಲಿದೆ.

ಈಗ ಯಾವುದನ್ನ ಕೊಲ್ತಿದ್ದಾರೆ ಅಂತ ನೋಡಿ. ಹುಲಿ ಚಿರತೆ ಹಿಡಿಯೋದ್ರಲ್ಲಿ ಮರಿ, ಮುದಿ, ಕುಂಟು ಪ್ರಾಣಿಗಳೂ ಇರ್ತವೆ, ಎಷ್ಟೋ ಸಲ ಅವು ಹೇಗೂ ಆ ವರ್ಷ ಉಳೀತಿರಲಿಲ್ಲ. ಬಂದೂಕು ಹುಡುಕೋದು ದೊಡ್ಡ ಕೊಂಬು, ದೊಡ್ಡ ದಂತ, ಅಂದ್ರೆ ಗಟ್ಟಿಮುಟ್ಟಾಗಿರೋ ಪ್ರಾಣಿ. ಮಧ್ಯ ಏಷ್ಯಾದ ಸೈಗಾ ಅನ್ನೋ ಹುಲ್ಲೆಲಿ ಕೊಂಬಿರೋದು ಗಂಡಿಗೆ ಮಾತ್ರ, ಸೋವಿಯತ್ ಒಕ್ಕೂಟ ಒಡೆದ ಮೇಲೆ ಕೊಂಬಿಗೋಸ್ಕರ ಗಂಡುಗಳನ್ನ ಎಷ್ಟು ಹೊಡೆದ್ರು ಅಂದ್ರೆ ಕೆಲವು ಕಡೆ ಹೆಣ್ಣುಗಳಿದ್ರೂ ಗರ್ಭ ಕಟ್ಟೋದೇ ಕುಸೀತು. ಸಿಂಹದ್ದು ಇನ್ನೊಂಥರ, ಗುಂಪಿನ ಯಜಮಾನ ಗಂಡನ್ನ ಕೊಂದ್ರೆ ಆ ಜಾಗಕ್ಕೆ ಬರೋ ಹೊಸ ಗಂಡು ಹಳೇ ಮರಿಗಳನ್ನ ಸಾಯಿಸಿಬಿಡುತ್ತೆ, ಹಾಗಾಗಿ ಒಂದು ಗುಂಡಿಗೆ ಸತ್ತಿದ್ದು ಒಂದೇ ಅಂತ ಬರೆಯೋಕಾಗಲ್ಲ. ಆಫ್ರಿಕಾದ ಮೊಜಾಂಬಿಕ್‌ನ ಗೊರೊಂಗೊಸಾ ರಾಷ್ಟ್ರೀಯ ಉದ್ಯಾನದಲ್ಲಿ 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ದಂತಕ್ಕಾಗಿ ನೂರಕ್ಕೆ 90ರಷ್ಟು ಆನೆ ಹೋದ್ವು. ಅಲ್ಲಿ ಹೆಣ್ಣಾನೆಗೂ ದಂತ ಇರುತ್ತೆ, ಆದ್ರೆ ಉಳಿದಿದ್ರಲ್ಲಿ ಹುಟ್ಟಾ ದಂತ ಇಲ್ಲದ ಹೆಣ್ಣಾನೆಗಳ ಪಾಲು ಜಾಸ್ತಿ ಆಯ್ತು. ಅಂದ್ರೆ ಬೇಟೆ ಆ ಹಿಂಡಿನ ರೂಪವನ್ನೇ ಬದಲಾಯಿಸ್ತು.

ಉರುಳಿನ ವಿಷಯ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಬೇಟೆ ಅಂದ್ರೆ ಎಲ್ಲರ ಮನಸ್ಸಿಗೂ ಬಂದೂಕೇ ಬರುತ್ತೆ. ಸರ್ವೆಗೆ ನಡೀತಿದ್ದಾಗ ನಾನೊಂದನ್ನ ಹತ್ತಿರದಿಂದ ನೋಡಿದೀನಿ. ಬೈಕಿನ ಕ್ಲಚ್ ವೈರ್, ಮೊಣಕಾಲೆತ್ತರಕ್ಕೆ ಒಂದು ಕುಣಿಕೆ, ಇನ್ನೊಂದು ತುದಿ ಪಕ್ಕದ ಎಳೇ ಮರಕ್ಕೆ ಕಟ್ಟಿತ್ತು, ಪ್ರಾಣಿ ಬೇರೆ ಕಡೆ ಹೋಗದೆ ಅದರೊಳಗೇ ನುಗ್ಗಲಿ ಅಂತ ಎರಡೂ ಬದಿ ಮುಳ್ಳುಕಂಟಿ ಒಟ್ಟಿದ್ರು. ಕುಣಿಕೆ ಖಾಲಿ ಇತ್ತು. ಆದ್ರೆ ಮರದ ಸುತ್ತ ತೊಗಟೆ ಬಳೆ ಥರ ಸವೆದು ಬಿಳಿ ಕಾಣ್ತಿತ್ತು, ಕೆಳಗೆ ನೆಲ ಎಲ್ಲಾ ಕೆದರಿ ಹೋಗಿತ್ತು, ಏನೋ ಒಂದು ತುಂಬಾ ಹೊತ್ತು ಒದ್ದಾಡಿದೆ. ಆ ಸವೆದ ತೊಗಟೆ ಈಗ್ಲೂ ಕಣ್ಮುಂದೆ ಬರುತ್ತೆ. ಉರುಳಿಗೆ ಮರಿ, ಬಸುರಿ, ಜಿಂಕೆ, ಚಿರತೆ ಅಂತ ಭೇದ ಇಲ್ಲ, ಹಾಕಿದವನು ಮರೆತು ಹೋದ್ರೂ ಅದು ಕೊಲ್ತಾನೇ ಇರುತ್ತೆ. ನಿಮಗೂ ಎಲ್ಲಾದ್ರೂ ಸಿಕ್ಕಿದ್ರೆ ಫೋಟೋ ತಗೊಂಡು, ಜಾಗ ಗುರುತು ಹಾಕ್ಕೊಂಡು ಅರಣ್ಯ ಸಿಬ್ಬಂದಿಗೆ ಹೇಳಿ, ಒಂದಿದ್ದ ಕಡೆ ಅದೇ ಸಾಲಲ್ಲಿ ಇನ್ನೂ ಇರುತ್ತೆ.

ಬೇಟೆ ಒಂದೇ ಅಂತ ಫಿಕ್ಸ್ ಆಗೋ ಮುಂಚೆ ಉಳಿದ ಕಾರಣಗಳನ್ನೂ ಒಂದೊಂದಾಗಿ ನೋಡ್ಕೊಂಡು ಬನ್ನಿ. ರಸ್ತೆ ಯಾವ ವರ್ಷ ಬಂತು, ಕಾಡು ಎಷ್ಟು ತುಂಡಾಯ್ತು, ನಾಯಿ ದನಗಳಿಂದ ರೋಗ ಬಂತಾ. ಭಾರತದಲ್ಲಿ ರಣಹದ್ದುಗಳನ್ನ ಯಾರೂ ಹೊಡೆದು ಖಾಲಿ ಮಾಡ್ಲಿಲ್ಲ, ದನಗಳಿಗೆ ಕೊಡ್ತಿದ್ದ ಡೈಕ್ಲೊಫೆನಾಕ್ ಅನ್ನೋ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆಗೆ ಹೋಗಿ ಕಿಡ್ನಿ ಕೆಡಿಸ್ತು, ಬಿಳಿಬೆನ್ನಿನ ರಣಹದ್ದು ಹದಿನೈದೇ ವರ್ಷದಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಕಮ್ಮಿ ಆಯ್ತು. 2006ರಲ್ಲಿ ಆ ಔಷಧಿನ ಜಾನುವಾರುಗಳಿಗೆ ನಿಷೇಧಿಸಿದ್ರು. ಆದ್ರೆ ಎಷ್ಟೋ ಕಡೆ ಕಾರಣಗಳು ಒಂದರ ಬೆನ್ನಿಗೆ ಒಂದು ಬರ್ತವೆ, ಮರ ಸಾಗಿಸೋಕೆ ಅಂತ ರಸ್ತೆ ಮಾಡ್ತಾರೆ, ಅದೇ ರಸ್ತೆಲಿ ಬಂದೂಕು ಒಳಗೆ ಹೋಗುತ್ತೆ, ಮಾಂಸ ಹೊರಗೆ ಬರುತ್ತೆ. ಮರ ಎಲ್ಲಾ ನಿಂತಿದ್ದು ದೊಡ್ಡ ಪ್ರಾಣಿ ಒಂದೂ ಇಲ್ಲದ ಇಂಥ ಜಾಗಗಳನ್ನ ಕೆಂಟ್ ರೆಡ್‌ಫೋರ್ಡ್ ಅನ್ನೋ ವಿಜ್ಞಾನಿ 1992ರಲ್ಲಿ ಖಾಲಿ ಕಾಡು ಅಂತ ಕರೆದ್ರು. ಉಪಗ್ರಹದ ಚಿತ್ರದಲ್ಲಿ ಅದು ಹಸಿರಾಗೇ ಕಾಣುತ್ತೆ, ಅದಕ್ಕೇ ಚಿತ್ರ ನೋಡಿ ಮೋಸ ಹೋಗ್ಬೇಡಿ.

ಎಣಿಕೆ ಮಾಡೋವಾಗ ಒಂದೇ ದಾರಿ, ಒಂದೇ ಹೊತ್ತು, ಒಂದೇ ಸೀಸನ್ ಇರ್ಲಿ, ಹೆಜ್ಜೆಗುರುತು ಲದ್ದಿ ಹಿಕ್ಕೆ ಎಲ್ಲಾ ಬರ್ಕೊಳ್ಳಿ, ಏನೂ ಕಾಣದ ದಿನಾನೂ ಬರ್ಕೊಳ್ಳಿ, ತುಂಬಾ ಜನ ಇದನ್ನೇ ಬಿಡ್ತಾರೆ. ಜನರ ಓಡಾಟ ಜಾಸ್ತಿ ಇರೋ ಕಡೆ ಪ್ರಾಣಿಗಳು ರಾತ್ರಿ ತಿರುಗೋದು ಹೆಚ್ಚು, ಹಾಗಾಗಿ ಹಗಲು ಕಾಣಲಿಲ್ಲ ಅಂದ ಮಾತ್ರಕ್ಕೆ ಸತ್ತು ಹೋದ್ವು ಅಂತಲ್ಲ, ಪ್ರಾಣಿ ಹಾದು ಹೋದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ ಟ್ರ್ಯಾಪ್ ಇಟ್ರೆ ಗೊತ್ತಾಗುತ್ತೆ. ಇದಕ್ಕೆ ಉಲ್ಟಾನೂ ಆಗುತ್ತೆ, ಕಮ್ಮಿ ಆಗ್ತಿದ್ರೂ ಬೇಟೆಗೆ ಸಿಗ್ತಾನೇ ಇರ್ತವೆ. ಸಿಕ್ಕಿದ್ದೆಷ್ಟು ಅಂತ ಮಾತ್ರ ನೋಡ್ಬೇಡಿ, ಅದಕ್ಕೆ ಎಷ್ಟು ಹೊತ್ತು ಎಷ್ಟು ದೂರ ಅಲೆದ್ರು ಅಂತಾನೂ ಕೇಳಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸಮುದ್ರದಲ್ಲಿ ಕಾಡ್ (cod) ಅನ್ನೋ ಮೀನು ಖಾಲಿ ಆಗ್ತಿದ್ರೂ ಉಳಿದ ಮೀನು ಒಂದೇ ಕಡೆ ಗುಂಪು ಸೇರ್ತಿತ್ತು, ಹಡಗುಗಳ ಸಲಕರಣೆನೂ ಚೆನ್ನಾಗಿತ್ತು, ಬಲೆ ತುಂಬ್ತಾನೇ ಇತ್ತು, 1992ರಲ್ಲಿ ಮೀನುಗಾರಿಕೆನೇ ನಿಲ್ಲಿಸ್ಬೇಕಾಯ್ತು.

ಕೊನೆಗೆ ಒಂದು ಪರೀಕ್ಷೆ ಇದೆ. ಬೇಟೆ ನಿಂತ ಜಾಗ ಒಂದು, ನಿಲ್ಲದ ಜಾಗ ಒಂದು, ಕಾಡು ಒಂದೇ ಥರ ಇರೋದನ್ನ ಆರಿಸಿ ಜೊತೆಗಿಟ್ಟು ನೋಡಿ. ನಿಂತ ಕಡೆ ಮರಿಗಳ ಸಂಖ್ಯೆ ಏರ್ತಾ ಇದ್ರೆ ಬೇಟೆ ದೊಡ್ಡ ಕಾರಣ ಅಂತ ಧೈರ್ಯವಾಗಿ ಹೇಳ್ಬಹುದು. ಸೈಗಾ ಹೆಣ್ಣು ಎಷ್ಟೋ ಸಲ ಅವಳಿ ಹಾಕುತ್ತೆ, ಕಾವಲು ಗಟ್ಟಿ ಆದ ಮೇಲೆ, 2015ರಲ್ಲಿ ರೋಗ ಬಂದು ಎರಡು ಲಕ್ಷ ಸತ್ತ ನಂತರವೂ ಅದು ಚೇತರಿಸ್ಕೊಳ್ತು, 2023ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ತೆಗೆದು ಕಮ್ಮಿ ಅಪಾಯದ ಪಟ್ಟಿಗೆ ಹಾಕಿದ್ರು. ಆನೆ ಥರ ನಿಧಾನ ಬೆಳೆಯೋ ಪ್ರಾಣಿಗೆ ಮೂರ್ನಾಲ್ಕು ವರ್ಷ ನೋಡಿ ಏನೂ ಬದಲಾಗಿಲ್ಲ ಅಂತ ಫೈಲ್ ಮುಚ್ಚಬೇಡಿ, ಅಷ್ಟರಲ್ಲಿ ಒಂದು ಹೆಣ್ಣಾನೆ ಒಂದೇ ಮರಿ ಹಾಕಿರುತ್ತೆ.