ಟ್ರೇಲರ್ ಎಳೆಯುವಾಗ ಡೀಸೆಲ್ ಉಳಿಸುವ ಗೇರ್ ಯಾವುದು?

ಟೊಮೆಟೊ ಸುಗ್ಗಿಯಲ್ಲಿ ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟ್ರ್ಯಾಕ್ಟರಿನಲ್ಲಿ ಮಾಲು ತರುವವರು, ಭಾರವಿದೆಯೆಂಬ ಕಾರಣಕ್ಕೆ ದಾರಿಯುದ್ದಕ್ಕೂ ಚಿಕ್ಕ ಗೇರಿನಲ್ಲೇ ಎಂಜಿನ್ ಕೂಗಿಸಿಕೊಂಡು ಬರುವುದುಂಟು. 15 ಕೆ.ಜಿ.ಯ 200 ಕ್ರೇಟು ಎಂದರೆ ಹಣ್ಣಿನ ತೂಕವೇ 3 ಟನ್, ನಿಜ. ಆದರೂ ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಅದಕ್ಕೆ ಅಷ್ಟು ಆರ್ಭಟ ಬೇಕಿಲ್ಲ.

ಒಂದೇ ವೇಗದಲ್ಲಿ ಸಾಗಲು ಚಿಕ್ಕ ಗೇರಿನಲ್ಲಿ ನಿಮಿಷಕ್ಕೆ 2000 ಸುತ್ತು ಬೇಕಿರುವಲ್ಲಿ, ಅದರ ಮೇಲಿನ ಗೇರಿನಲ್ಲಿ 1500 ಸುತ್ತು ಸಾಲಬಹುದು. ಚಕ್ರಗಳು ಮಾಡುವ ಕೆಲಸ ಎರಡರಲ್ಲೂ ಅಷ್ಟೇ ಆಗಿದ್ದರೂ, ಸುತ್ತು ಹೆಚ್ಚಿದಂತೆಲ್ಲ ಪಿಸ್ಟನ್, ಬೇರಿಂಗ್‌ಗಳ ತಿಕ್ಕಾಟಕ್ಕೂ ಫ್ಯಾನ್, ಪಂಪುಗಳನ್ನು ತಿರುಗಿಸುವುದಕ್ಕೂ ಹೆಚ್ಚು ಡೀಸೆಲ್ ವ್ಯಯವಾಗುತ್ತದೆ. ಆದ್ದರಿಂದ ಗೇರ್ ಏರಿಸಿ, ಆಕ್ಸಿಲರೇಟರ್ ಇಳಿಸಬೇಕು.

ಎಷ್ಟರವರೆಗೆ ಏರಿಸಬಹುದು ಎಂಬುದನ್ನು ಎಂಜಿನ್ನೇ ತಿಳಿಸುತ್ತದೆ. ಸಾಗುತ್ತಿರುವಾಗ ಆಕ್ಸಿಲರೇಟರನ್ನು ತುಸು ಒತ್ತಿ ನೋಡಿ: ಟ್ರ್ಯಾಕ್ಟರ್ ಕೂಡಲೇ ಮುನ್ನುಗ್ಗಿದರೆ ಎಂಜಿನ್ನಿನಲ್ಲಿ ಇನ್ನೂ ಕಸುವಿದೆ, ಆ ಗೇರ್ ಸರಿಯಾಗಿದೆ. ಒತ್ತಿದರೂ ವೇಗ ಹೆಚ್ಚದೆ, ಸದ್ದು ದಪ್ಪಗಾಗಿ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರತೊಡಗಿದರೆ ಗೇರ್ ಇಳಿಸಲೇಬೇಕು. ಆ ಹೊಗೆಯೆಂದರೆ ಪೂರ್ತಿ ಉರಿಯದೆ ಹೊರಬೀಳುತ್ತಿರುವ ನಿಮ್ಮ ಡೀಸೆಲ್. ಉಳಿತಾಯದ ಹಟಕ್ಕೆ ಬಿದ್ದು ಟಾಪ್ ಗೇರಿನಲ್ಲೇ ಎಂಜಿನ್ನನ್ನು ಏದುಸಿರು ಬಿಡಿಸುವವರು, ಉಳಿಸಿದ ಹಣವನ್ನು ಮೆಕ್ಯಾನಿಕ್ಕಿಗೆ ಕೊಡುತ್ತಾರೆ.

ಹಲವು ಟ್ರ್ಯಾಕ್ಟರುಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಓಡುತ್ತಿರುವಾಗ ಗೇರ್ ಇಳಿಸುವುದು ಸುಲಭವಲ್ಲ. ದಿಬ್ಬದ ನಡುವೆ ಕ್ಲಚ್ ಒತ್ತಿ ಗೇರ್ ಹುಡುಕುವಷ್ಟರಲ್ಲಿ ಟ್ರೇಲರ್ ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ಏರು ಶುರುವಾಗುವ ಮೊದಲೇ, ಅಗತ್ಯವಿದ್ದರೆ ನಿಲ್ಲಿಸಿಯಾದರೂ, ಗೇರ್ ಬದಲಿಸಿಕೊಳ್ಳಬೇಕು.

ಹತ್ತಿದ ಗೇರಿನಲ್ಲೇ ಇಳಿಯಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆಂಬುದು ಭ್ರಮೆ: ಗೇರಿನಲ್ಲಿದ್ದು ಕಾಲು ತೆಗೆದಾಗ, ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಎಂಜಿನ್ನಿಗೆ ಹೋಗುವ ಡೀಸೆಲ್ಲನ್ನು ನಿಯಂತ್ರಿಸುವ ಗವರ್ನರ್ ಅದನ್ನು ಬಹುತೇಕ ತಡೆಹಿಡಿಯುತ್ತದೆ, ನ್ಯೂಟ್ರಲ್‌ನಲ್ಲಾದರೋ ಎಂಜಿನ್ ತಾನಾಗಿ ಓಡಲು ಡೀಸೆಲ್ ಬೇಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ಬ್ರೇಕೇ ಇಲ್ಲದ ಟ್ರೇಲರ್ ಹಿಂದಿನಿಂದ ತಳ್ಳುವಾಗ ಎಂಜಿನ್ನಿನ ಹಿಡಿತವೂ ತಪ್ಪಿರುತ್ತದೆ. ರಸ್ತೆಗಿಳಿಯುವ ಮುನ್ನ ಎಡ, ಬಲ ಚಕ್ರಗಳ ಎರಡೂ ಬ್ರೇಕ್ ಪೆಡಲುಗಳನ್ನು ಚಿಲಕದಿಂದ ಜೋಡಿಸಿರಬೇಕೆಂದು ಬೇರೆ ಹೇಳಬೇಕಿಲ್ಲ.

ವ್ಯತ್ಯಾಸವನ್ನು ಅಳೆಯಬೇಕಿದ್ದರೆ, ಒಮ್ಮೆ ಚಿಕ್ಕ ಗೇರಿನಲ್ಲಿ, ಇನ್ನೊಮ್ಮೆ ಮೇಲಿನ ಗೇರಿನಲ್ಲಿ, ಪ್ರತಿ ಸಲವೂ ಟ್ಯಾಂಕನ್ನು ಕಂಠದವರೆಗೆ ತುಂಬಿಸಿ, ಅದೇ ದಾರಿಯಲ್ಲಿ ಅಷ್ಟೇ ಕ್ರೇಟು ಹೇರಿಕೊಂಡು ಹೋಗಿಬಂದು, ಮತ್ತೆ ಕಂಠದವರೆಗೆ ತುಂಬಲು ಎಷ್ಟು ಲೀಟರ್ ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಟೈರಿನ ಗಾಳಿ ಎರಡು ಸಲವೂ ಒಂದೇ ಆಗಿರಲಿ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.