ನೆರಳು ಬೀಳುವ ಹಿತ್ತಲಿಗೆ ಯಾವ ಹಣ್ಣಿನ ಗಿಡ?

ಸೀಬೆ ಗಿಡ ಆಳೆತ್ತರ ಬೆಳೆದಿದೆ, ಎಲೆ ಹಚ್ಚಗಿದೆ, ಕಾಯಿ ಮಾತ್ರ ಇಲ್ಲ. ಇಂಥ ಗಿಡದ ಬುಡಕ್ಕೆ ಎಷ್ಟೋ ಜನ ಗೊಬ್ಬರ ಸುರಿಯುತ್ತಾರೆ. ಅದು ಕೇಳುತ್ತಿರುವುದು ಬಿಸಿಲನ್ನು. ನರ್ಸರಿಗೆ ಹೋಗುವ ಮೊದಲು ಹಿತ್ತಲಿನ ಬಿಸಿಲನ್ನು ಅಳೆಯಿರಿ.

ಅಳೆಯಬೇಕಾದ್ದು ಡಿಸೆಂಬರ್-ಜನವರಿಯಲ್ಲಿ. ಜೂನ್ ಹೊತ್ತಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ; ಮನೆಯ ಉತ್ತರದ ಗೋಡೆಯ ಬುಡಕ್ಕೂ ಬಿಸಿಲು ಬೀಳುತ್ತದೆ. ಅದನ್ನು ನಂಬಿ ಮಳೆಗಾಲದಲ್ಲಿ ನೆಟ್ಟವರು ಮೋಸಹೋಗುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ 10 ಅಡಿ ಗೋಡೆಯ ನೆರಳು ನಡುಮಧ್ಯಾಹ್ನವೂ ಉತ್ತರಕ್ಕೆ 7 ಅಡಿ ದಾಟುತ್ತದೆ. ಒಂದು ದಿನ ಬೆಳಿಗ್ಗೆ 8ರಿಂದ ಗಂಟೆಗೊಮ್ಮೆ ನೆರಳಿನ ಅಂಚಿಗೆ ಕಡ್ಡಿ ನೆಟ್ಟು ಲೆಕ್ಕ ಹಾಕಿ.

ಆರು ಗಂಟೆ ಬಿಸಿಲಿದ್ದರೆ ಮಾವು, ಸೀಬೆ, ನಿಂಬೆ ಏನನ್ನಾದರೂ ನೆಡಬಹುದು. ಎರಡು ಗಂಟೆಯೂ ಸಿಗದಿದ್ದರೆ ಹಣ್ಣಿನ ಆಸೆ ಬಿಟ್ಟು ಕೆಸು, ವೀಳ್ಯದೆಲೆ ಬೆಳೆಸಿ. ನಡುವಿನ ಜಾಗಕ್ಕೆ ಕಮರಾಕ್ಷಿ, ಬಾಳೆ, ಅನಾನಸ್ ಆಗುತ್ತವೆ. ಬಾಳೆಗೊನೆ ತಡವಾಗುತ್ತದೆ, ಅನಾನಸ್ ತುಸು ಚಿಕ್ಕದಾಗುತ್ತದೆ, ಅಷ್ಟೆ.

ಕರಾವಳಿ, ಮಲೆನಾಡಿನವರಿಗೆ ನಾನು ಮೊದಲು ಹೇಳುವ ಹೆಸರು ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ದೊಡ್ಡ ಮರಗಳ ಅಡಿಯಲ್ಲೇ ಬೆಳೆದು ಬಂದ ಮರವಿದು, ನೆರಳು ಇದಕ್ಕೆ ಹೊಸತಲ್ಲ. ಆದರೆ ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ನೆಟ್ಟರೆ ಹೂ ಬಿಡುವವರೆಗೆ, ಅಂದರೆ ಆರೇಳು ವರ್ಷ, ಯಾವುದೆಂದು ಗೊತ್ತಾಗುವುದಿಲ್ಲ. ಕೊನೆಗೆ ಗಂಡು ಎಂದು ತಿಳಿದಾಗ ಆಗುವ ಸಂಕಟ ದೊಡ್ಡದು. ಹೆಣ್ಣು ಮರದಿಂದ ಕಟ್ಟಿದ ಕಸಿ ಗಿಡವನ್ನೇ ಕೇಳಿ ತನ್ನಿ. ನೆಟ್ಟಗೆ ಬೆಳೆಯುವ ಚಿಗುರಿನಿಂದ ಕಸಿ ಕಟ್ಟಿದ್ದೇ ಎಂದೂ ವಿಚಾರಿಸಿ; ಅಡ್ಡಕೊಂಬೆಯ ಕಸಿ ಮೇಲೇಳದೆ ಪೊದೆಯಂತೆ ಹರಡುತ್ತದೆ.

ತೆಂಗಿನ ನೆರಳಾದರೆ ಬುಡದಿಂದ 6 ಅಡಿಗೂ ಆಚೆ ಗುಂಡಿ ತೆಗೆಯಿರಿ. ತೆಂಗಿನ ಬೇರಿನ ಜಾಲ ಅಷ್ಟರೊಳಗೇ ದಟ್ಟವಾಗಿರುತ್ತದೆ, ಎಳೆ ಗಿಡಕ್ಕೆ ನೀರು ಉಳಿಯದು. ಗೋಡೆಯ ನೆರಳಿನಲ್ಲಿ ಇದಕ್ಕೆ ತದ್ವಿರುದ್ಧ: ಮಣ್ಣು ಬೇಗ ಆರುವುದಿಲ್ಲ. ಬೆರಳು ಚುಚ್ಚಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು ಹಾಕಿ. ತರಗೆಲೆ ಹೊದಿಸುವಾಗ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ.