ಸಿಂಗಪುರದಿಂದ ಊರಿಗೆ ಬಂದಾಗ ದೋಸ್ತರಿಗೆ ಉತ್ತರ ಕೊಡೋದು ಹೇಗೆ

ವಿಜಯಪುರದಲ್ಲಿ ಬಸ್ ಇಳಿದ ಕೂಡಲೇ ಮೊದಲ ಪ್ರಶ್ನೆ ಬರುತ್ತದೆ: ‘ಏನಲೇ, ಅಲ್ಲಿ ಚಳಿಗಾಲ ಯಾವಾಗ ಬರ್ತೈತಿ?’ ಬರೋದೇ ಇಲ್ಲ ಅಂತ ನೇರ ಹೇಳಿ. ನಂಬದಿದ್ದರೆ ಲೆಕ್ಕ ಕೊಡಿ: ಸಿಂಗಪುರ ಭೂಮಧ್ಯರೇಖೆಯಿಂದ ಬರೀ 1.3 ಡಿಗ್ರಿ ಉತ್ತರಕ್ಕಿದೆ, ವರ್ಷವಿಡೀ ಬೆಳಗಾಗುವುದು ಸುಮಾರು ಏಳಕ್ಕೆ, ಕತ್ತಲಾಗುವುದೂ ಏಳಕ್ಕೆ.

‘ಹಂಗಾದ್ರ ನಮ್ಮೂರಷ್ಟು ಬಿಸಿಲಾ?’ ಇದಕ್ಕೆ ಸ್ವಲ್ಪ ಸಮಾಧಾನ ಬೇಕು. ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುತ್ತದೆ, ಅಲ್ಲಿ ಸಾಮಾನ್ಯವಾಗಿ 32, 33ಕ್ಕೇ ನಿಲ್ಲುತ್ತದೆ. ಆದರೆ ನಮ್ಮದು ಒಣ ಬಿಸಿಲು, ಬೇವಿನ ಗಿಡದ ಕೆಳಗೆ ಕೂತರೆ ಬೆವರು ಆರುತ್ತದೆ. ಅಲ್ಲಿ ಗಾಳಿಯಲ್ಲೇ ನೀರಿನ ಪಸೆ ಜಾಸ್ತಿ ಇರುವುದರಿಂದ ಬೆವರು ಬೇಗ ಆರೋದೇ ಇಲ್ಲ, ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ಸುಮ್ನೆ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಕಡಕ್ ರೊಟ್ಟಿಯ ಉದಾಹರಣೆ ಕೊಡಿ: ಇಲ್ಲಿ ವಾರಗಟ್ಟಲೆ ಇಟ್ಟರೂ ಕಟಂ ಅನ್ನುವ ರೊಟ್ಟಿ ಅಲ್ಲಿ ತೆರೆದಿಟ್ಟರೆ ಬೇಗನೆ ಮೆತ್ತಗಾಗುತ್ತದೆ. ಪಟ್ಟನೆ ಅರ್ಥವಾಗುತ್ತದೆ. (ವಾಪಸ್ ಹೋಗುವಾಗ ಬಿಗಿ ಮುಚ್ಚಳದ ಡಬ್ಬಿ ಒಯ್ಯಿರಿ. ಮೆತ್ತಗಾದ ರೊಟ್ಟಿಯನ್ನು ಹಂಚಿನ ಮೇಲೆ ಬಿಸಿ ಮಾಡಿದರೆ ಆಯ್ತು.)

ಚೂಯಿಂಗ್ ಗಮ್ ತಿಂದರೆ ಜೈಲಾ ಅಂತ ಒಬ್ಬನಾದರೂ ಕೇಳುತ್ತಾನೆ. ತಿನ್ನೋದಕ್ಕಲ್ಲ, ತಂದು ಮಾರೋದಕ್ಕೆ 1992ರಲ್ಲಿ ನಿಷೇಧ ಬಂತು. ಗುಟ್ಕಾವೂ ನಿಷಿದ್ಧ ಅನ್ನಿ, ಕೆಲವರ ಮುಖ ಅಲ್ಲೇ ಬಾಡುತ್ತದೆ!

ಆಮೇಲೂ ಕಾಡಿಸಿದರೆ ನೀವೇ ತಿರುಗಿ ಕೇಳಿ: ಉಷ್ಣವಲಯದ ಉತ್ತರದ ಗಡಿಯಾದ ಕರ್ಕಾಟಕ ವೃತ್ತ ಹಾಯುವುದು ನಮ್ಮಿಂದ ಉತ್ತರಕ್ಕಿರುವ ಗುಜರಾತ್, ಮಧ್ಯಪ್ರದೇಶದ ಮೇಲೆ, ಅಂದರೆ ನಮ್ಮ ವಿಜಯಪುರವೂ ಉಷ್ಣವಲಯದಲ್ಲೇ ಇದೆ, ಅಲ್ವಾ?